ಮರಳಿಗೆ ಇಳಿಯಬಾರದ ಗಾಡಿ

ದುಬೈಗೆ ಹೋಗಿ ಬಂದೆ ಎಂದ ಕೂಡಲೇ ಹುಬ್ಬಳ್ಳಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಆ ಎಲ್ಲಕ್ಕಿಂತ ಎತ್ತರದ ಕಟ್ಟಡ ಹತ್ತಿದಿರಾ? ಹತ್ತಲಿಲ್ಲ. ನೋಡಿದ್ದೇನೋ ಹೌದು, ಅದೂ ಹೆದ್ದಾರಿಯಲ್ಲಿ ಹೋಗುವಾಗ ಪಿಕಪ್ ಗಾಡಿಯ ಪಕ್ಕದ ಕನ್ನಡಿಯಲ್ಲಿ. ಸರಿಯಾಗಿ ಅದೇ ಹೊತ್ತಿಗೆ ನನ್ನ ತಮ್ಮ ಗಾಡಿಯ ಕಾಗದಗಳನ್ನೆಲ್ಲ ಮನೆಯ ಸೋಫಾದ ಮೇಲೆ ಬಿಟ್ಟು ಬಂದಿದ್ದೇನೆ ಎಂದದ್ದರಿಂದ, ಕನ್ನಡಿಯಲ್ಲಾದರೂ ಕಣ್ತುಂಬ ನೋಡುವ ಭಾಗ್ಯ ಸಿಗಲಿಲ್ಲ. ಹಾಗಾಗಿ ಕಟ್ಟಡದ ವರ್ಣನೆ ಬೇಕಾದವರು ಬೇರೆ ಯಾರನ್ನಾದರೂ ಕೇಳುವುದು ಒಳ್ಳೆಯದು. ನನ್ನಿಂದ ಸಿಗುವುದು ಒಂದು ಪಿಕಪ್ ಗಾಡಿಯ ವರ್ಣನೆ.

ಮುಸಫ್ಫಾ

ತಮ್ಮ ಶ್ರೀಕಾಂತ ಅಬುಧಾಬಿಯಲ್ಲಿ ಎಂಜಿನಿಯರ್. ಮದುವೆಯಾದ ಹೊಸದರಲ್ಲೇ ಹೋದವನು ಅಲ್ಲೇ ಬೇರು ಬಿಟ್ಟಿದ್ದಾನೆ. ಪ್ರತಿ ವರ್ಷ ‘ಬಾ ಅಕ್ಕಾ, ಬಾ ಅಕ್ಕಾ’ ಎಂದು ಕರೆಯುತ್ತಿದ್ದ. ಈ ಸಲ ಮಾತ್ರ ಟಿಕೆಟ್ಟನ್ನೇ ಕಳಿಸಿಬಿಟ್ಟ. ಆಗಲೇ ನನಗೆ ಸಂಶಯ ಬರಬೇಕಿತ್ತು. ನಾನು ವೃತ್ತಿಯಿಂದ ವಾಹನ ವಿಮೆಯ ಸರ್ವೇಯರ್. ಲಾರಿ ಮಗುಚಿದರೆ, ಕಾರು ಗುದ್ದಿದರೆ ಹೋಗಿ ನೋಡಿ, ಹೇಳಿಕೆಯಲ್ಲಿ ನಿಜವೆಷ್ಟು, ಬುರುಡೆ ಎಷ್ಟು ಎಂದು ವರದಿ ಬರೆಯುವುದು ನನ್ನ ಕಸುಬು. ನಿಂತ ಎಮ್ಮೆಗೆ ಹೋಗಿ ಗುದ್ದಿ, ಎಮ್ಮೆಯೇ ಓಡಿ ಬಂದು ಗುದ್ದಿತು ಎಂದು ಸಹಿ ಹಾಕಿ ಕೊಟ್ಟವರನ್ನು ಎಷ್ಟೋ ಮಂದಿ ಕಂಡಿದ್ದೇನೆ. ಸಂಶಯ ಪಡುವುದರಿಂದಲೇ ಹೊಟ್ಟೆ ಹೊರೆದವಳು ಒಂದು ಪುಕ್ಕಟೆ ಟಿಕೆಟ್ಟಿಗೆ ಮೋಸಹೋದೆ.

ವಿಮಾನ ನಿಲ್ದಾಣಕ್ಕೆ ಅವನು ಕಾರು ತರಲಿಲ್ಲ, ಪಿಕಪ್ ತಂದಿದ್ದ. ಹತ್ತಬೇಕಾದರೆ ಸೀರೆ ಮೊಣಕಾಲಿಗೆ ಎತ್ತಿಕೊಳ್ಳಬೇಕು, ಅಷ್ಟು ಎತ್ತರ.

“ಮನೀಗೆ ಆಮ್ಯಾಲೆ ಹೋಗೂಣು ಅಕ್ಕಾ. ಒಂದ್ ಐದ್ ನಿಮಿಷ ಗ್ಯಾರೇಜಿಗೆ ಹೋಗಿ ಬರೂಣು” ಎಂದ.

ಗ್ಯಾರೇಜು ಇದ್ದದ್ದು ಮುಸಫ್ಫಾದಲ್ಲಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜುಗಳನ್ನೆಲ್ಲ ಒಟ್ಟು ಮಾಡಿ, ಚೌಕಾಕಾರವಾಗಿ ಜೋಡಿಸಿ, ಮೇಲೆ ಧೂಳು ಉದುರಿಸಿದರೆ ಮುಸಫ್ಫಾ ಆಗುತ್ತದೆ. ಎಲ್ಲಿ ನೋಡಿದರೂ ವೆಲ್ಡಿಂಗ್ ಕಿಡಿ, ಟೈರು, ಕಂಪನಿ ಬಸ್ಸುಗಳಿಂದ ಇಳಿಯುವ ಕೆಲಸಗಾರರು. ಅಲ್ಲಿ ಉಪ್ಪಿನಂಗಡಿ ಕಡೆಯ ಬ್ಯಾರಿ ಹಮೀದ್ ಎಂಬುವರದು ಒಂದು ಗ್ಯಾರೇಜು. ನಗುಮುಖದ, ಹೊಟ್ಟೆ ಮುಂದಿರುವ ಮನುಷ್ಯ. ಯಾವುದಕ್ಕೂ ಇಲ್ಲವೆನ್ನುವ ಅಭ್ಯಾಸ ಅವರಿಗಿಲ್ಲ, ಎಲ್ಲದಕ್ಕೂ ‘ಆಗ್ತದೆ ಅಕ್ಕ’ ಎನ್ನುತ್ತಾರೆ. ಇಂಥವರನ್ನು ಕಂಡರೆ ನನ್ನ ಕಸುಬಿನವರಿಗೆ ಬೆವರು ಬರುತ್ತದೆ.

ಐದು ನಿಮಿಷ ಎಂದದ್ದು ಮಧ್ಯಾಹ್ನದ ಊಟ ತಪ್ಪಿಸಿತು. ಕಡೆಗೆ ವಿಷಯ ಹೊರಬಿತ್ತು. ಶ್ರೀಕಾಂತನ ಒಬ್ಬಳೇ ಮಗಳು ಅನಘಾ ಮರಳುಗಾಡಿನ ಮೋಟರ್ ಸೈಕಲ್ ರ‍್ಯಾಲಿಗೆ ಹೆಸರು ಕೊಟ್ಟಿದ್ದಾಳೆ. ಅಬುಧಾಬಿಯ ಲಿವಾದ ಮರಳಿನಲ್ಲಿ ಶುರುವಾಗಿ, ಗಡಿ ದಾಟಿ, ಒಮಾನಿನ ಮರಳಿನಲ್ಲಿ ಮುಗಿಯುವ ಪಂದ್ಯ. ಆಫೀಸಿನ ರಜೆಯನ್ನೆಲ್ಲ ಇದಕ್ಕಾಗಿಯೇ ಕೂಡಿಟ್ಟಿದ್ದಾಳೆ. ಹಬ್ಬಕ್ಕೆ ಊರಿಗೆ ಬರದೆ ಹೋದದ್ದೂ ಇದಕ್ಕೇ ಎಂದು ಆಗ ಗೊತ್ತಾಯಿತು. ಇಂಥ ಪಂದ್ಯದಲ್ಲಿ ಪ್ರತಿ ಸವಾರರಿಗೂ ಒಂದು ಸಹಾಯದ ಗಾಡಿ ಇರಲೇಬೇಕಂತೆ. ಟೈರು, ಬಿಡಿಭಾಗ, ಊಟ, ನೀರು, ಹಾಸಿಗೆ ಎಲ್ಲ ಅದರಲ್ಲಿ. ಸವಾರರು ಮರಳಿನ ಮೇಲೆ ಹೋಗುತ್ತಾರೆ, ಸಹಾಯದ ಗಾಡಿ ಮಾಮೂಲಿ ರಸ್ತೆಯಲ್ಲಿ ಸುತ್ತಿಕೊಂಡು ಹೋಗಿ ಸಂಜೆಯ ಶಿಬಿರದಲ್ಲಿ ಅವರಿಗಾಗಿ ಕಾಯುತ್ತದೆ. ಆ ಗಾಡಿಗೆ ಎರಡೂ ದೇಶಗಳಲ್ಲಿ ನಡೆಯುವ ವಿಶೇಷ ವಿಮೆ ಬೇಕು. ವಿಮೆ ಇಲ್ಲದಿದ್ದರೆ ಗಾಡಿ ಇಲ್ಲ, ಗಾಡಿ ಇಲ್ಲದಿದ್ದರೆ ಅನಘಾ ಹೊರಡುವಂತಿಲ್ಲ. ಎರಡು ಕಂಪನಿಗಳು ಈಗಾಗಲೇ ಆಗದು ಎಂದಿದ್ದವು. ಪಂದ್ಯ ಮುಂದಿನ ವಾರ.

“ಅದಕ್ಕಾ ನನ್ನ ಕರಸಿದ್ದು?” ಎಂದೆ.

“ಅಲ್ಲಕ್ಕಾ, ದುಬೈನೂ ತೋರಸ್ತೀನಿ” ಎಂದ ತಮ್ಮ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬುದು ಅವನ ಲೆಕ್ಕ.

ಗಾಡಿಯ ಸುತ್ತ ಒಂದು ಸುತ್ತು ಹಾಕಿದ ಮೇಲೆ ಕಂಪನಿಗಳು ಯಾಕೆ ಬೇಡವೆಂದವು ಎಂದು ತಿಳಿಯಲು ನನಗೆ ಯಾರನ್ನೂ ಕೇಳಬೇಕಾಗಲಿಲ್ಲ. ಮರಳಿಗೆ ಬೇಕಾಗುವ ಅಗಲ ಟೈರು. ಮುಂದೆ ಹೂತ ಗಾಡಿಯನ್ನು ಎಳೆಯುವ ವಿಂಚ್ ಯಂತ್ರ. ಹಿಂದೆ ಇನ್ನೊಂದು ಡೀಸೆಲ್ ಟ್ಯಾಂಕು. ಮೇಲೆ ಸಾಲು ದೀಪ. ಚಕ್ರದಡಿ ಇಡುವ ಹಲಗೆಗಳು, ಹಗ್ಗ, ಸಲಿಕೆ, ಸಾಲದ್ದಕ್ಕೆ ಒಂದು ಸ್ಟ್ರೆಚರ್. ರಸ್ತೆಯ ಮೇಲೆ ಹೋಗಿ ಶಿಬಿರದಲ್ಲಿ ನಿಲ್ಲುವ ಗಾಡಿಗೆ ಇದೆಲ್ಲ ಯಾಕೆ ಎಂದು ಕೇಳಿದೆ. ಶ್ರೀಕಾಂತ ಹಗ್ಗದ ಗಂಟು ಬಿಚ್ಚುತ್ತ, ಬೇಕಾಗ್ತೈತಿ, ಇರಲಿ ಎಂದ. ಹಮೀದ್ ಚಹಾ ತರಿಸಿದರು.

ಚಹಾದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಲ್ಲಿ ಚಹಾ ಕುಡಿಯಲು ಯಾರೂ ಗಾಡಿಯಿಂದ ಇಳಿಯುವುದಿಲ್ಲ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದರೆ ಒಳಗಿನಿಂದ ಒಬ್ಬ ಓಡಿ ಬರುತ್ತಾನೆ. ನಮ್ಮಲ್ಲಿ ನಾಯಿ ಅಡ್ಡ ಬಂದರೆ, ಹಸಿರು ದೀಪ ಬಂದರೆ, ಏನೂ ಬಾರದಿದ್ದರೂ ಹಾರ್ನ್ ಹೊಡೆಯುತ್ತೇವೆ, ಚಹಾಕ್ಕೆ ಮಾತ್ರ ನಡೆದು ಹೋಗುತ್ತೇವೆ. ಯಾವುದು ಸರಿಯೋ ನನಗೆ ತಿಳಿಯದು, ಆದರೆ ಹಮೀದ್ ಚಹಾಕ್ಕೆ ಹೊಡೆದಷ್ಟು ಹಾರ್ನನ್ನು ಹುಬ್ಬಳ್ಳಿಯ ಆಟೋದವನೂ ಹೊಡೆಯಲಾರ.

ಅಲ್ ಮೀನಾ

ವಿಮೆಗೆ ಮೊದಲು ಗಾಡಿಯ ‘ಪಾಸಿಂಗ್’ ಆಗಬೇಕು, ಅಂದರೆ ಗಾಡಿ ಸರಿಯಾಗಿದೆ ಎಂಬ ಸರ್ಕಾರಿ ತಪಾಸಣೆ. ಈಗಿರುವ ವೇಷದಲ್ಲಿ ಅದು ಪಾಸಾಗದು ಎಂದು ನಾನು ಹೇಳಿದೆ. ಹಮೀದ್ ಒಪ್ಪಿದರು. ಅವರ ಉಪಾಯ ಸರಳವಾಗಿತ್ತು.

“ಎಲ್ಲ ಬಿಚ್ಚುವ ಅಕ್ಕ. ಹಳೇ ಟಯರ್ ಹಾಕಿ ಪಾಸಿಂಗ್ ಮಾಡ್ಸುವ. ಆಮೇಲೆ ಪುನಃ ಹಾಕುವ. ಎಲ್ಲರೂ ಹಾಗೇ ಮಾಡುದು.”

ಸಮುದ್ರ ದಾಟಿ ಬಂದರೂ ನನ್ನ ಕರ್ಮ ಬಿಡಲಿಲ್ಲ. ನಮ್ಮಲ್ಲೂ ಆರ್‌ಟಿಒ ಕಚೇರಿಗೆ ಹೋಗುವ ದಿನ ಲಾರಿಗಳಿಗೆ ಬಾಡಿಗೆ ಟೈರು ಬರುತ್ತದೆ, ಸಂಜೆ ವಾಪಸು ಹೋಗುತ್ತದೆ. ಅಂಥ ಲಾರಿ ಮಗುಚಿದಾಗ ಬೋಳು ಟೈರಿನ ಫೋಟೊ ತೆಗೆಯುವವಳು ನಾನು. ಬಿಚ್ಚಿದ ಮೇಲೆ ಮತ್ತೆ ಹಾಕುವ ಮಾತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ವಿಮೆ ಮಾಡುವಾಗ ಯಾವ ಗಾಡಿಯ ಫೋಟೊ ತೆಗೆದಿರುತ್ತಾರೋ ಗಡಿಯಲ್ಲೂ ಅದೇ ಗಾಡಿ ಇರಬೇಕು. ಶ್ರೀಕಾಂತ ತಲೆ ಆಡಿಸಿದ. ಆ ತಲೆ ಆಡಿಸುವಿಕೆಯನ್ನು ನಾನು ಅವನ ಎರಡನೇ ಕ್ಲಾಸಿನಿಂದ ಬಲ್ಲೆ, ಅದಕ್ಕೆ ಅರ್ಥ ‘ನೀ ಹೇಳು, ನಾ ಮಾಡೂದಿಲ್ಲ’ ಎಂದು.

ಬಿಚ್ಚುವುದೆಲ್ಲ ಮುಗಿದ ಸಂಜೆ ನನಗೆ ಊರು ತೋರಿಸುತ್ತೇವೆ ಎಂದು ಇಬ್ಬರೂ ಅಲ್ ಮೀನಾಕ್ಕೆ ಕರೆದೊಯ್ದರು. ಅದು ಬಂದರಿನ ಪಕ್ಕದ ಮಾರುಕಟ್ಟೆ. ಒಂದು ಕಡೆ ಮೀನು, ಒಂದು ಕಡೆ ತರಕಾರಿ, ಇನ್ನೊಂದು ಕಡೆ ರತ್ನಗಂಬಳಿ. ಶಿಬಿರದಲ್ಲಿ ಮಗಳು ಮಲಗಲೆಂದು ಶ್ರೀಕಾಂತ ಒಂದು ಗಂಬಳಿ ಆರಿಸಿದ. ಎರಡು ಆಳು ಹೊರಬೇಕು, ಅಷ್ಟು ದಪ್ಪ. ಅವಳು ಹೊರಟದ್ದು ಪಂದ್ಯಕ್ಕೆ, ಸೀಮಂತಕ್ಕಲ್ಲ ಎಂದೆ. ಅಂಗಡಿಯವನು ಕಾಬೂಲಿನವನು, ನನ್ನ ಕನ್ನಡ ತಿಳಿಯದಿದ್ದರೂ ಮುಖ ತಿಳಿದು ಇನ್ನೂ ದಪ್ಪನೆಯದೊಂದನ್ನು ಬಿಡಿಸಿ ತೋರಿಸಿದ. ಹಮೀದ್ ಅಷ್ಟರಲ್ಲಿ ಅಂಜಲ್ ಮೀನು ಕೊಂಡು ಬರ್ಫದ ಪೆಟ್ಟಿಗೆಯಲ್ಲಿ ಹಾಕಿ ಪಿಕಪ್ಪಿನ ಹಿಂದೆ ಇಟ್ಟಿದ್ದರು.

ಇಟ್ಟದ್ದನ್ನು ಇಳಿಸಿಕೊಳ್ಳಲು ಮರೆತರು. ಮಾರನೆಯ ಬೆಳಿಗ್ಗೆ ತಪಾಸಣೆಯ ಸಾಲಿನಲ್ಲಿ ನಾವು ನಿಂತಾಗ ಗಾಡಿಯ ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಪಾಸಣೆಯವನು ಬಗ್ಗಿ ನೋಡಿದ, ಬೆರಳಿಗೆ ಹಚ್ಚಿಕೊಂಡ, ಮೂಸಿದ. ಅವನ ಮುಖ ಹೇಗಾಯಿತೆಂದು ಬರೆಯಲಾರೆ. ಸೋರಿಕೆ ಎಂದು ಬರೆದು ನಮ್ಮನ್ನು ವಾಪಸು ಕಳಿಸಿದ. ನಾನು ಸರ್ವೇಯರ್ ಎಂದು ಪರಿಚಯ ಹೇಳಿಕೊಳ್ಳಲು ಹೊರಟವಳು ಬಾಯಿ ಮುಚ್ಚಿಕೊಂಡೆ. ಹಮೀದ್ ಮಾತ್ರ, ಮಾಫಿ ಮುಶ್ಕಿಲ್, ಮಧ್ಯಾಹ್ನ ಪುನಃ ಬರುವ ಎಂದು ಸಮಾಧಾನ ಹೇಳಿದರು. ತೊಂದರೆ ಇಲ್ಲ ಎಂಬ ಆ ಅರಬ್ಬಿ ಮಾತನ್ನು ಅಲ್ಲಿ ತೊಂದರೆ ಆದಾಗಲೆಲ್ಲ ಹೇಳುತ್ತಾರೆ. ಮಧ್ಯಾಹ್ನ, ಮೀನಿಲ್ಲದೆ, ಪಾಸಾಯಿತು.

ದೇರಾ, ದುಬೈ

ಇಂಥ ವಿಮೆ ಕೊಡುವ ಮೂರನೆಯ ಕಂಪನಿಯ ಕಚೇರಿ ದುಬೈನ ದೇರಾದಲ್ಲಿತ್ತು. ಕನ್ನಡಿಯಲ್ಲಿ ಎತ್ತರದ ಕಟ್ಟಡ ನೋಡಿದ್ದು ಈ ದಾರಿಯಲ್ಲೇ. ಮರೆತ ಕಾಗದಗಳಿಗಾಗಿ ಅಲ್ಲಿಂದ ಹಿಂದೆ ಹೋಗಿ ಮತ್ತೆ ಬಂದೆವು. ಹಾಗೆ ಬರುವಾಗ ಶ್ರೀಕಾಂತನಿಗೆ ನಾನೂ ಹಮೀದರೂ ಪಾಠ ಹೇಳಿದೆವು. ಗಾಡಿಯ ಉಸ್ತುವಾರಿ ಎಂದು ಅವನ ಹೆಸರು, ಚಾಲಕ ಎಂದು ಹಮೀದರ ಹೆಸರು. ಉಸ್ತುವಾರಿಯವನು ಒಂದು ಮಾತು ಬರೆದು ಕೊಡಬೇಕು. ಗಾಡಿ ಗೊತ್ತುಮಾಡಿದ ರಸ್ತೆ ಬಿಟ್ಟು ಯಾವ ಕಾರಣಕ್ಕೂ ಮರಳಿಗೆ ಇಳಿಯುವುದಿಲ್ಲ. ಸವಾರರು ಬಿದ್ದರೂ, ದಾರಿ ತಪ್ಪಿದರೂ ಇಳಿಯುವುದಿಲ್ಲ. ಅವರನ್ನು ಹುಡುಕಲು ಪಂದ್ಯದವರದೇ ಹೆಲಿಕಾಪ್ಟರ್ ಇದೆ, ವೈದ್ಯರಿದ್ದಾರೆ. ಮನೆಯವರು ಗಾಡಿ ತೆಗೆದುಕೊಂಡು ಮರಳಿಗೆ ನುಗ್ಗಿದರೆ ವಿಮೆ ಅಲ್ಲಿಗೇ ಖಲಾಸ್, ಸವಾರರೂ ಪಂದ್ಯದಿಂದ ಹೊರಗೆ.

ನಾನು ಅವನನ್ನು ನೇರವಾಗಿ ಕೇಳಿದೆ. ಬರೆದುಕೊಟ್ಟ ಮೇಲೆ ಅದರಂತೆ ಸುಮ್ಮನೆ ಕೂಡುತ್ತೀಯಾ ಎಂದು. ಕೂಡುತ್ತೇನೆ ಎಂದ. ತಲೆ ಆಡಿಸಲಿಲ್ಲ, ಬಾಯಿಬಿಟ್ಟು ಹೇಳಿದ. ನಂಬಿದೆ.

ಕಂಪನಿಯ ಅಧಿಕಾರಿ ಅಶ್ರಫ್ ಎಂಬುವರು ಈಜಿಪ್ಟಿನವರು. ನರೆತ ಮೀಸೆ, ಮೆಲ್ಲನೆಯ ಇಂಗ್ಲಿಷು. ಮೊದಲು ಖರ್ಜೂರ ತಿನ್ನಿಸಿದರು, ಊರು ಕೇಳಿದರು, ಮಳೆ ಹೇಗೆ ಎಂದರು. ಆಮೇಲೆ ಕೆಳಗೆ ಬಂದು ಗಾಡಿಯನ್ನು ನೋಡಿದರು. ಅವರು ನೋಡುವ ರೀತಿ ನೋಡಿ ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಮುಂದಿನ ಬಂಪರಿನಲ್ಲಿ ಹೊಸದಾಗಿ ಕೊರೆದ ತೂತುಗಳ ಮೇಲೆ ಬೆರಳಾಡಿಸಿ, ಇಲ್ಲಿ ಏನಿತ್ತು ಎಂದು ಕೇಳಿದರು. ವಿಂಚ್ ಇತ್ತು, ನಾನೇ ತೆಗೆಸಿದೆ ಎಂದೆ. ಹಿಂದಿನ ತೂತುಗಳಿಗೆ ಟ್ಯಾಂಕು ಎಂದೆ. ಸರಿ ಎಂದರು. ಮತ್ತೆ ಮೇಲೆ ಹೋಗಿ ಕೂತೆವು. ಕಾಗದವೆಲ್ಲ ಮುಗಿದು ಸಹಿಯ ಹೊತ್ತಿಗೆ ಅವರು ಪೆನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು ಶ್ರೀಕಾಂತನನ್ನು ಒಂದು ಪ್ರಶ್ನೆ ಕೇಳಿದರು. ಸವಾರಳು ನಿಮ್ಮ ಮಗಳು. ಕತ್ತಲಾಗುತ್ತಿದೆ. ಉಳಿದವರೆಲ್ಲ ಶಿಬಿರಕ್ಕೆ ಬಂದಿದ್ದಾರೆ, ಅವಳು ಬಂದಿಲ್ಲ. ನೀವು ಏನು ಮಾಡುತ್ತೀರಿ?

ಉತ್ತರ ಎರಡು ಶಬ್ದದ್ದು, ‘ಶಿಬಿರದಲ್ಲೇ ಕಾಯುತ್ತೇನೆ’. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ್ದೆವು. ಶ್ರೀಕಾಂತ ನನ್ನ ಮುಖ ನೋಡಿದ, ಹಮೀದರ ಮುಖ ನೋಡಿದ, ಮೇಜಿನ ಮೇಲಿನ ಖರ್ಜೂರದ ಬೀಜ ನೋಡಿದ.

“ನಾನು ಹೋಗುತ್ತೇನೆ ಸರ್” ಎಂದ.

ನಾನು ಅಲ್ಲೇ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅಶ್ರಫ್ ಸಿಟ್ಟಾಗಲಿಲ್ಲ. ಪೆನ್ನನ್ನು ಮೆಲ್ಲಗೆ ಜೇಬಿಗೆ ಇಟ್ಟುಕೊಂಡರು.

“ನನಗೂ ಹೆಣ್ಣುಮಕ್ಕಳಿದ್ದಾರೆ. ನಾನಾದರೂ ಹೋಗುತ್ತಿದ್ದೆ. ಅದಕ್ಕೇ ನನಗೂ ನಾನು ಈ ಪಾಲಿಸಿ ಕೊಡುತ್ತಿರಲಿಲ್ಲ” ಎಂದರು.

ಕೆಳಗೆ ಬಂದ ಮೇಲೆ ನಾನು ತಮ್ಮನಿಗೆ ಏನೇನು ಅಂದೆನೋ ಈಗ ನೆನಪಿಲ್ಲ. ಬೀದಿ ನಲ್ಲಿಯ ಮುಂದೆ ನಿಂತು ಬೈದಂತೆ ಬೈದೆ ಎಂದು ಹಮೀದ್ ಆಮೇಲೆ ಹೇಳಿದರು. ಅಲ್ಲೇ ದಾರಿಯಲ್ಲಿದ್ದ ಒಬ್ಬ ಪಠಾಣ ಟ್ಯಾಕ್ಸಿಯವನು ಕಿಟಕಿ ಇಳಿಸಿ, ಎಲ್ಲ ಸರಿಯಿದೆಯಾ ಎಂದು ಹಿಂದಿಯಲ್ಲಿ ಕೇಳಿದ. ಸುಳ್ಳು ಹೇಳುವವರ ಜೊತೆ ಜೀವನ ಕಳೆದವಳಿಗೆ, ನಿಜ ಹೇಳಿ ಕೆಲಸ ಕೆಡಿಸಿದವನನ್ನು ಹೇಗೆ ಬೈಯಬೇಕೋ ತಿಳಿಯಲಿಲ್ಲ. ಆ ವಿಂಚು, ಹಲಗೆ, ಟ್ಯಾಂಕು, ಸ್ಟ್ರೆಚರು ಎಲ್ಲ ಯಾವುದಕ್ಕೆ ಎಂದು ಆಗ ನನಗೆ ಅರ್ಥವಾಯಿತು. ಅವನು ಸಿದ್ಧಮಾಡಿದ್ದು ಸಹಾಯದ ಗಾಡಿಯನ್ನಲ್ಲ, ಮಗಳನ್ನು ಮರಳಿನಿಂದ ಎತ್ತಿಕೊಂಡು ಬರುವ ಗಾಡಿಯನ್ನು. ಅರ್ಥವಾದದ್ದರಿಂದ ಸಿಟ್ಟೇನೂ ಕಡಿಮೆಯಾಗಲಿಲ್ಲ.

ಮತ್ತೆ ಮುಸಫ್ಫಾ

ಸಂಜೆ ಆಫೀಸು ಮುಗಿಸಿ ಅನಘಾ ನೇರ ಗ್ಯಾರೇಜಿಗೆ ಬಂದಳು. ಇವಳು ಹುಟ್ಟಿದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಾದರೂ ಬೆಳೆದದ್ದೆಲ್ಲ ಅಬುಧಾಬಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಂಗ್ಲಿಷಿನಲ್ಲಿ ಕೇಳಿದರೆ ಭುಜ ಹಾರಿಸುತ್ತಾಳೆ. ಅಂದು ಮಾತ್ರ ಬಂದವಳೇ ಟೈರಿನ ರಾಶಿಯ ಮೇಲೆ ಕೂತು, ನಡೆದದ್ದನ್ನೆಲ್ಲ ಹಮೀದರ ಬಾಯಿಂದ ಕೇಳಿ, ಅಪ್ಪನನ್ನು ಒಂದು ಗಳಿಗೆ ನೋಡಿದಳು.

“ಅಪ್ಪಾ, ನೀವು ಗಾಡ್ಯಾಗ ಬರಬ್ಯಾಡ್ರಿ. ನಿಮ್ಮ ಜಾಗಾದಾಗ ಅತ್ತಿ ಬರ್ತಾರ” ಎಂದಳು.

ನನ್ನನ್ನು ಕೇಳುವ ಪದ್ಧತಿ ಆ ಮನೆಯಲ್ಲಿ ಇರಲೇ ಇಲ್ಲ. ಶ್ರೀಕಾಂತ ಏನೋ ಹೇಳಲು ಹೋದ. ಅವಳು ಬಿಡಲಿಲ್ಲ. ಅಭ್ಯಾಸದ ದಿನ ತಾನು ಒಂದು ದಿಬ್ಬದ ಹಿಂದೆ ಮರೆಯಾದ ಕೂಡಲೇ ಇವರು ಕಾರು ಮರಳಿಗೆ ನುಗ್ಗಿಸಿದ್ದು, ಬಾಗಿಲವರೆಗೆ ಹೂತದ್ದು, ತಾನು ವಾಪಸು ಬಂದು ಸಲಿಕೆ ಹಿಡಿದು ಇವರನ್ನು ಅಗೆದು ತೆಗೆದದ್ದು, ಎಲ್ಲ ಹೇಳಿದಳು. ಪಂದ್ಯದಲ್ಲಿ ತನ್ನನ್ನು ತಾನು ನೋಡಿಕೊಳ್ಳುವುದೇ ಕಷ್ಟ, ಜೊತೆಗೆ ಇವರನ್ನೂ ನೋಡಿಕೊಳ್ಳಲಾರೆ ಎಂದಳು. ದನಿ ಏರಿಸಲಿಲ್ಲ. ಕಡೆಯ ಮಾತು ನನ್ನ ಕಡೆ ತಿರುಗಿ ಬಂತು.

“ಅತ್ತಿ ರೂಲ್ ಬಿಟ್ಟು ಒಂದ್ ಹೆಜ್ಜೀನೂ ಇಡೂದಿಲ್ಲ. ಸೋ, ಐ ವಿಲ್ ಬಿ ಸೇಫ್.”

ಹೊಗಳಿಕೆಯೋ ಬೈಗುಳವೋ ಗೊತ್ತಾಗದಿದ್ದರೂ ಒಪ್ಪಿಕೊಂಡೆ. ಶ್ರೀಕಾಂತ ಗ್ರೀಸು ಮೆತ್ತಿದ ಕೈಯನ್ನು ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದ. ನನ್ನ ವೀಸಾ ಗಡಿಯವರೆಗೆ ಮಾತ್ರ. ಗಡಿಯಲ್ಲಿ ನಾನು ಇಳಿದು, ಅವಳ ಆಫೀಸಿನ ಗೆಳತಿ ಹತ್ತಿಕೊಳ್ಳುವುದೆಂದು ತೀರ್ಮಾನವಾಯಿತು. ಮಾರನೆಯ ದಿನ ಅಶ್ರಫ್ ಫೋನಿನಲ್ಲಿ ನನಗೂ ಅದೇ ಪ್ರಶ್ನೆ ಕೇಳಿದರು. ಕಾಯುತ್ತೇನೆ ಎಂದೆ, ಯೋಚಿಸಲು ಒಂದು ಉಸಿರಿನ ಹೊತ್ತೂ ತೆಗೆದುಕೊಳ್ಳದೆ. ಅಷ್ಟು ಖಾತ್ರಿಯೇ ಎಂದು ಅವರು ಮತ್ತೆ ಕೇಳಿದಾಗ, ಕಾಯುವುದು ನನಗೆ ಗೊತ್ತು, ನನ್ನ ತಮ್ಮನಿಗೆ ಗೊತ್ತಿಲ್ಲದ್ದು ಅದೇ ಎಂದೆ. ಅವರು ನಕ್ಕರು. ಪಾಲಿಸಿ ಬಂತು.

ಶ್ರೀಕಾಂತ ಹೊರಡುವ ಮುಂಜಾನೆ ಗಾಡಿಯ ಗಾಳಿ, ನೀರು, ಎಣ್ಣೆ ಎಲ್ಲ ತಾನೇ ನೋಡಿದ. ಆ ದಪ್ಪ ಗಂಬಳಿಯನ್ನು ತಾನೇ ಹೊತ್ತು ಹಾಕಿದ. ಸ್ಟ್ರೆಚರನ್ನು ಸೀಟಿನ ಹಿಂದೆ ತುರುಕಲು ನೋಡಿದ, ನಾನು ಹಿಂದಕ್ಕೆ ಎಳೆದು ಇಳಿಸಿದೆ. ಎತ್ತು ಏರಿಗೆ, ಕೋಣ ನೀರಿಗೆ.

ಲಿವಾ

ಮರಳು ಎಂದರೆ ಹೊಳೆಯ ದಂಡೆಯ ಮರಳು ಎಂದುಕೊಂಡಿದ್ದವಳು ನಾನು. ಲಿವಾದ ಮರಳು ಗುಡ್ಡಗುಡ್ಡವಾಗಿ ನಿಂತಿದೆ, ಬಣ್ಣ ಕೆಂಪಿಗೆ ತಿರುಗಿದ ಗೋಧಿ ಹಿಟ್ಟಿನದು. ನಮ್ಮ ಹುಬ್ಬಳ್ಳಿಯ ನೃಪತುಂಗ ಬೆಟ್ಟದಂಥವು ಸಾಲು ಸಾಲಾಗಿ. ಚಂದವಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಊಟದಲ್ಲಿ, ಕಿವಿಯಲ್ಲಿ, ಸೀರೆಯ ನೆರಿಗೆಯಲ್ಲಿ, ಫೋನಿನ ತೂತಿನಲ್ಲಿ ಎಲ್ಲ ಕಡೆ ಬಂದು ಕೂರುವ ಚಂದವನ್ನು ಎಷ್ಟೆಂದು ಹೊಗಳುವುದು?

ಶಿಬಿರದಲ್ಲಿ ನೂರಾರು ಗಾಡಿಗಳು. ಎಲ್ಲ ದೇಶದವರೂ ಗಾಡಿಗಳ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದರು. ಪಕ್ಕದಲ್ಲಿದ್ದ ಇಟಲಿಯ ತಂಡದವರು ಮಧ್ಯಾಹ್ನ ಮೇಜಿಗೆ ಬಿಳಿ ಬಟ್ಟೆ ಹಾಸಿ, ಮರಳು ಬೀಳುತ್ತಿದ್ದಂತೆಯೇ ಅದನ್ನು ಕೊಡವಿ ಕೊಡವಿ ಊಟ ಮಾಡಿದರು. ನಮ್ಮ ಗಂಬಳಿಯನ್ನು ನೋಡಿ ಅವರಲ್ಲೊಬ್ಬ ಮೆಚ್ಚಿ, ಬಂದು ಅದರ ಮೇಲೆ ಮಲಗಿಯೇಬಿಟ್ಟ. ಹಮೀದ್ ಅವನಿಗೆ ನೀರುದೋಸೆ ತಿನ್ನಿಸಿದರು.

ಅನಘಾ ನಸುಕಿನಲ್ಲೇ ಹೊರಟಿದ್ದಳು. ಮಧ್ಯಾಹ್ನ ತಿರುಗುವ ಹೊತ್ತಿಗೆ ಒಬ್ಬೊಬ್ಬರೇ ಬರಲಾರಂಭಿಸಿದರು. ಮುಖವೆಲ್ಲ ಮರಳು, ಕಣ್ಣು ಮಾತ್ರ ಕಾಣುವ ಸವಾರರು. ಪ್ರತಿ ಎಂಜಿನ್ನಿನ ಸದ್ದಿಗೂ ನಾನು ಎದ್ದು ನಿಂತೆ, ಅವಳಲ್ಲ. ಶ್ರೀಕಾಂತನ ಫೋನು ಮೊದಲು ಗಂಟೆಗೊಮ್ಮೆ ಬರುತ್ತಿತ್ತು, ಆಮೇಲೆ ಎಡೆಬಿಡದೆ ಬರತೊಡಗಿತು. ಸವಾರರು ಎಲ್ಲಿದ್ದಾರೆಂದು ಫೋನಿನಲ್ಲಿ ನೋಡಬಹುದಿತ್ತು. ಪ್ರತಿಯೊಬ್ಬರೂ ಒಂದು ಚುಕ್ಕೆ. ಅವಳ ಚುಕ್ಕೆ ಒಂದು ಕಡೆ ನಿಂತಿತ್ತು. ಶಿಬಿರದ ಕಚೇರಿಗೆ ಹೋಗಿ ಕೇಳಿದೆ. ಅಪಾಯದ ಗುಂಡಿ ಒತ್ತಿಲ್ಲ, ಹಾಗಾಗಿ ಚಿಂತೆ ಬೇಡ, ಕಾಯಿರಿ ಎಂದರು. ಕಾಯುವುದು ನನಗೆ ಗೊತ್ತು ಎಂದು ದೊಡ್ಡದಾಗಿ ಹೇಳಿದವಳಲ್ಲವೇ, ಬಂದು ಗಾಡಿಯಲ್ಲಿ ಕೂತೆ.

ಗುಂಡಿ ಒತ್ತಿಲ್ಲ ಎಂಬುದಕ್ಕೆ ಎರಡು ಅರ್ಥ ಇರುತ್ತದೆ. ಒತ್ತುವ ಅಗತ್ಯ ಇಲ್ಲ, ಇಲ್ಲವೇ ಒತ್ತಲು ಆಗುತ್ತಿಲ್ಲ. ವರದಿ ಬರೆಯುವಾಗ ಇಂಥ ಕಡೆಯೇ ನಾನು ಗೆರೆ ಎಳೆಯುತ್ತಿದ್ದೆ. ಅಂದು ಆ ಎರಡನೆಯ ಅರ್ಥ ತಲೆಗೆ ಹೊಕ್ಕದ್ದು ಹೊರಗೆ ಹೋಗಲಿಲ್ಲ. ನಾನು ಗಂಟೆಗಟ್ಟಲೆ ಬೈದಿದ್ದ ತಮ್ಮನ ಮುಖ ಕಣ್ಣ ಮುಂದೆ ಬಂತು. ಅವನ ವಿಂಚು, ಅವನ ಹಲಗೆ, ಅವನ ಹಗ್ಗ ಎಲ್ಲವನ್ನೂ ಮುಸಫ್ಫಾದ ಮೂಲೆಯಲ್ಲಿ ಬಿಡಿಸಿಟ್ಟು ಬಂದವಳು ನಾನೇ. ಬಿಸಿಲು ಹಳದಿಗೆ ತಿರುಗಿದಾಗ ನಾನು ಹಮೀದರ ಹತ್ತಿರ ಹೋದೆ.

“ಹಮೀದ್, ಗಾಡಿ ತಗೀರಿ. ಹೋಗೂಣು.”

ಹಮೀದ್ ನನ್ನನ್ನು ನೋಡಲಿಲ್ಲ. ಮರಳಿನ ಕಡೆ ನೋಡುತ್ತಿದ್ದರು.

“ಕೀ ನನ್ನತ್ರ ಇಲ್ಲ ಅಕ್ಕ. ಆಗಲೇ ಆಫೀಸಿನವರ ಕೈಯಲ್ಲಿ ಕೊಟ್ಟು ಬಂದೆ. ಕಿಸೆಯಲ್ಲಿ ಇಟ್ಕೊಂಡಿದ್ರೆ ನಿಮ್ಮತ್ರ ಕೇಳದೆ ನಾನೇ ಹೋಗಿಯಾಗ್ತಿತ್ತು” ಎಂದರು.

ಅವರಿಗೆ ಬೈಯಬೇಕೆನಿಸಿತು. ಇಷ್ಟು ದಿನ ಎಲ್ಲದಕ್ಕೂ ಹೂಂ ಎಂದವರು, ಇವತ್ತೇ ಇಷ್ಟು ಬುದ್ಧಿವಂತರಾಗಬೇಕೆ? ನಿಂತಲ್ಲಿಂದ ತಿರುಗಿ, ಶಿಬಿರದ ಕೊನೆಯ ಗುಡಾರ ದಾಟಿ, ನಡೆಯತೊಡಗಿದೆ. ಪಾಲಿಸಿಯ ಒಂದೊಂದು ಸಾಲೂ ನನಗೆ ಬಾಯಿಪಾಠ. ಗಾಡಿ ಮರಳಿಗೆ ಇಳಿಯಬಾರದು ಎಂದಿತ್ತೇ ವಿನಾ ಹೆಂಗಸು ಇಳಿಯಬಾರದು ಎಂದು ಎಲ್ಲೂ ಇರಲಿಲ್ಲ. ಚಪ್ಪಲಿ ಮರಳಿನಲ್ಲಿ ಉಳಿಯುತ್ತಿತ್ತು, ಕಾಲು ಮುಂದೆ ಬರುತ್ತಿತ್ತು. ಕಡೆಗೆ ಚಪ್ಪಲಿ ಕೈಯಲ್ಲಿ ಹಿಡಿದೆ. ಒಂದು ಹೆಜ್ಜೆ ಹತ್ತಿದರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತಿದ್ದೆ. ಮೊದಲ ದಿಬ್ಬದ ನೆತ್ತಿ ತಲುಪುವಾಗ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಅಲ್ಲಿಂದ ನೋಡಿದರೆ ಇನ್ನೊಂದು ದಿಬ್ಬ, ಅದರಾಚೆ ಇನ್ನೊಂದು. ಇಷ್ಟು ಮರಳಿನಲ್ಲಿ ನಾನು ನಡೆದು ಹೋಗಿ ಯಾರನ್ನು ಎತ್ತಿಕೊಂಡು ಬರುವವಳಿದ್ದೆನೋ ದೇವರಿಗೇ ಗೊತ್ತು. ಆದರೂ ಇಳಿಯಲು ಒಂದು ಕಾಲು ಮುಂದಿಟ್ಟಿದ್ದೆ.

ಆಗ ಸದ್ದು ಕೇಳಿಸಿತು. ಆಮೇಲೆ ಒಂದು ಸಣ್ಣ ದೀಪ ಎರಡನೆಯ ದಿಬ್ಬದ ಮಗ್ಗುಲಲ್ಲಿ ಮೂಡಿ, ಮುಳುಗಿ, ಮತ್ತೆ ಮೂಡಿತು. ಅವಳೇ. 

ಮರಳಿನಲ್ಲಿ ಬೈಕು ಹೂತು, ಎಂಜಿನ್ ಕಾದು, ಅದು ತಣಿಯುವವರೆಗೂ ಅದರ ನೆರಳಿನಲ್ಲೇ ಕೂತಿದ್ದಳಂತೆ. ಅದೆಲ್ಲ ಆಮೇಲೆ ಗೊತ್ತಾದದ್ದು. ಆಗ ನನ್ನನ್ನು ದಿಬ್ಬದ ಮೇಲೆ ಕಂಡು ಅವಳು ಬೈಕಿನ ವೇಗ ಕಡಿಮೆ ಮಾಡಿದಳು. ನಾನು ನಿಲ್ಲಬೇಡ, ಹೋಗು ಎಂದು ಚಪ್ಪಲಿ ಹಿಡಿದ ಕೈಯನ್ನೇ ಬೀಸಿದೆ. ಅವಳು ಹೆಲ್ಮೆಟ್ಟಿನೊಳಗಿಂದ ಏನೋ ಕೂಗುತ್ತ ನನ್ನ ಪಕ್ಕದಿಂದ ಹಾದು ಶಿಬಿರದ ಕಡೆ ಇಳಿದು ಹೋದಳು. ಎಬ್ಬಿಸಿದ ಮರಳೆಲ್ಲ ನನ್ನ ಬಾಯೊಳಗೆ ಬಿತ್ತು. ನಾನು ಅಲ್ಲೇ ಕೂತು ಅತ್ತೆ, ಯಾರೂ ನೋಡುವವರಿರಲಿಲ್ಲ.

ಫೋನು ಬಡಿದುಕೊಂಡಿತು. ಶ್ರೀಕಾಂತ.

“ಬಂದ್ಲಪಾ” ಎಂದೆ. ಆ ಕಡೆಯಿಂದ ಮೂಗು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಅವನಿಗೆ ಏನೋ ಅನುಮಾನ ಬಂದಿರಬೇಕು.

“ಅಕ್ಕಾ, ನೀ ಎಲ್ಲಿದ್ದಿ? ಗಾಳಿ ಸಪ್ಪಳ ಭಾಳ ಕೇಳಾಕತ್ತೈತಿ.”

“ಗಾಡ್ಯಾಗ ಕೂತೀನಿ” ಎಂದೆ.

“ಹೌದ? ಹಂಗ ಕೂಡು. ಇಳೀಬ್ಯಾಡ ಮತ್ತ” ಎಂದ.

ಇಳಿಯೂದಿಲ್ಲ ಎಂದು ಹೇಳಿ ಫೋನಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ದಿಬ್ಬ ಇಳಿಯತೊಡಗಿದೆ.